ಎರೆಮಣ್ಣಿನ ಹಿತ್ತಲಲ್ಲಿ ಸೋರುವ ಈಜುಕೊಳ: ಒಡೆದು ಸರಿಪಡಿಸಿದ ಲೆಕ್ಕ

ಸ್ಥಳ: ಹುಬ್ಬಳ್ಳಿಯ ಪೂರ್ವಕ್ಕೆ, ಗದಗ ರಸ್ತೆ ಕಡೆಯ ಒಂದು ಮನೆಯ ಹಿತ್ತಲು. ಕೊಳದ ಒಳ ಅಳತೆ 24 ಅಡಿ ಉದ್ದ, 12 ಅಡಿ ಅಗಲ. ನೀರಿನ ಆಳ ಒಂದು ತುದಿಗೆ 3.5 ಅಡಿ, ಇನ್ನೊಂದು ತುದಿಗೆ 5.5 ಅಡಿ. ಹಿಡಿಯುವ ನೀರು ಸುಮಾರು 36,700 ಲೀಟರ್. ಗೋಡೆ, ತಳ ಎರಡೂ 200 ಮಿಮೀ ಆರ್‌ಸಿಸಿ. ಕಟ್ಟಿದ ಮೇಲೆ ಒಂದೇ ಮಳೆಗಾಲ ಕಳೆದಿತ್ತು. ಅಷ್ಟರಲ್ಲೇ ನೀರು ದಿನಾ ಇಳಿಯುತ್ತಿತ್ತು, ಸುತ್ತಲಿನ ಕಟ್ಟೆ ಒಂದು ಬದಿ 40 ಮಿಮೀ ಕುಸಿದಿತ್ತು, ಅಂಚಿನ ಕಲ್ಲು ಬಿರಿದಿತ್ತು, ಟೈಲ್ಸ್ ಸಂದಿಯ ಬಿಳಿ ಸಿಮೆಂಟು ಉಗುರಿಗೆ ಪುಡಿಯಾಗಿ ಬರುತ್ತಿತ್ತು.

ಇಂಥ ದೂರಿಗೆ ಗುತ್ತಿಗೆದಾರರ ಉತ್ತರ ಬಹುತೇಕ ಒಂದೇ: "ಒಳಗ ಇನ್ನೊಂದು ವಾಟರ್‌ಪ್ರೂಫ್ ಕೋಟ್ ಹೊಡದು ಕೊಡ್ತೀವ್ರಿ." ಗೌಂಡಿಯ ಮಾತು ಇನ್ನೊಂದು: "ನಾಕ ದಿನ ನೀರು ನಿಂದರ್ಲಿ, ತಾನ ಹಿಡ್ಕೋತೈತ್ರಿ." ಎರಡನೆಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕೂದಲೆಳೆಯಷ್ಟು, ಅಂದರೆ 0.1 ಮಿಮೀ ಆಸುಪಾಸಿನ ಬಿರುಕಿನಲ್ಲಿ ನೀರು ಹಾಯ್ದಾಗ ಸುಣ್ಣದ ಅಂಶ ಕಟ್ಟಿ ತಾನಾಗಿ ಮುಚ್ಚಿಕೊಳ್ಳುವುದುಂಟು. ಆದರೆ ಇವತ್ತು ತಳ, ಮುಂದಿನ ವಾರ ಗೋಡೆ ಎಂದು ಎರಡು ಸಲ ಹಾಕಿದ ಕಾಂಕ್ರೀಟಿನ ಸಂದು ಹಾಗೆ ಮುಚ್ಚುವುದಿಲ್ಲ. ಪೈಪಿನ ಸುತ್ತಲಿನ ಸಂದು ಕೂಡ ಮುಚ್ಚುವುದಿಲ್ಲ.

ಧಾರವಾಡದ ಪಶ್ಚಿಮಕ್ಕಿರುವ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಾದರೆ ಸೋರಿಕೆ ಎಂದರೆ ನೀರು ಹಾಳು, ಅಷ್ಟೇ. ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಜೇಡಿಮಣ್ಣಿನಲ್ಲಿ, ಸೋರಿದ ನೀರು ಕೊಳವನ್ನೇ ಮುರಿಯುತ್ತದೆ. ನೀರು ಕುಡಿದ ಎರೆಮಣ್ಣು ಉಬ್ಬಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ಕಟ್ಟೆಯನ್ನು ಎತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಟ್ಟಾಗ ಅದೇ ಕಟ್ಟೆಗೆ ಕೆಳಗಿನ ಆಸರೆ ತಪ್ಪುತ್ತದೆ. ಹಾಗಾಗಿ ಒಳಗೆ ಏನು ಬಳಿಯಬೇಕು ಎಂಬುದು ಎರಡನೆಯ ಪ್ರಶ್ನೆ. ಮಣ್ಣಿಗೆ ನೀರು ಎಷ್ಟು ದಾರಿಯಿಂದ ಹೋಗುತ್ತಿದೆ ಎಂಬುದು ಮೊದಲನೆಯದು. ಇದು ಗೊತ್ತಾಗುವವರೆಗೆ ಒಂದು ಟೈಲ್ಸನ್ನೂ ಒಡೆಯಬಾರದು.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ಮನೆಯಲ್ಲೇ ನೋಡಬಹುದು. ಒಣಗಿಸಿ ಪುಡಿಮಾಡಿ 425 ಮೈಕ್ರಾನ್ ಜರಡಿಯಲ್ಲಿ ಇಳಿಸಿದ ಮಣ್ಣು 10 ಗ್ರಾಂ ತೂಗಿ, 100 ಮಿಲಿ ಅಳತೆ ಗಾಜಿನಲ್ಲಿ ಹಾಕಿ ನೀರು ತುಂಬಬೇಕು. ಇನ್ನೊಂದು ಗಾಜಿನಲ್ಲಿ ಅಷ್ಟೇ ಮಣ್ಣಿಗೆ ಸೀಮೆಎಣ್ಣೆ. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಇಲ್ಲಿ ನೀರಿನಲ್ಲಿ 19, ಸೀಮೆಎಣ್ಣೆಯಲ್ಲಿ 11 ಮಿಲಿ ಬಂತು, ಅಂದರೆ ಉಬ್ಬು ಸುಮಾರು 73 ಪ್ರತಿಶತ. 50 ದಾಟಿದರೆ ಆ ಮಣ್ಣನ್ನು ಗೋಡೆಗೆ ತಾಗಿಸಿ ತುಂಬಲೇಬಾರದು. ಇಲ್ಲಿ ಅಗೆದ ಮಣ್ಣನ್ನೇ ಗೋಡೆಯ ಹಿಂದೆ ತಿರುಗಿ ತಳ್ಳಿದ್ದರು, ಉಬ್ಬದ ಗರಸು ಮಣ್ಣು ಒಂದು ಬುಟ್ಟಿಯೂ ಬಿದ್ದಿರಲಿಲ್ಲ.

ಸೋರಿಕೆ ಅಳೆದದ್ದು

ಫೆಬ್ರವರಿಯಲ್ಲಿ ಶುರು. ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ತೇಲದಂತೆ ಒಳಗೊಂದು ಕಲ್ಲಿಟ್ಟು, ಮೆಟ್ಟಿಲ ಮೇಲೆ ಕೂರಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ತಂದು ಎರಡೂ ಕಡೆ ಪಟ್ಟಿ ಅಂಟಿಸಿ ಗೆರೆ ಹಾಕಲಾಯಿತು. ಪಂಪ್ ಬಂದ್. 24 ಗಂಟೆಯಲ್ಲಿ ಬಕೆಟ್ಟಿನೊಳಗೆ 5 ಮಿಮೀ, ಕೊಳದಲ್ಲಿ 20 ಮಿಮೀ ಇಳಿಯಿತು. ಬಿಸಿಲಿಗೆ ಆರಿದ್ದು 5, ಸೋರಿದ್ದು 15. ಈ ಕೊಳದಲ್ಲಿ 1 ಮಿಮೀ ಎಂದರೆ ಸುಮಾರು 27 ಲೀಟರ್, ಆದ್ದರಿಂದ ದಿನಕ್ಕೆ 400 ಲೀಟರ್ ಎರೆಮಣ್ಣಿಗೆ ಹೋಗುತ್ತಿತ್ತು. ಮರುದಿನ ಪಂಪ್ ಓಡಿಸಿ ಇದೇ ಪರೀಕ್ಷೆ ಮಾಡಿದಾಗ ಸೋರಿಕೆ 19 ಮಿಮೀ. ಪಂಪ್ ಓಡುವಾಗ ಹೆಚ್ಚುವ 4 ಮಿಮೀ ಡೆಲಿವರಿ ಪೈಪಿನ (ಪಂಪಿನಿಂದ ಕೊಳಕ್ಕೆ ನೀರು ತರುವ ಪೈಪು) ತಪ್ಪು, ಒತ್ತಡ ಬಿದ್ದಾಗ ಮಾತ್ರ ಕಾಣುವಂಥದ್ದು.

ಆಮೇಲೆ ನೀರನ್ನು ಹಂತಹಂತವಾಗಿ ಇಳಿಸಿ, ಪ್ರತಿ ಹಂತದಲ್ಲಿ 24 ಗಂಟೆ ನಿಲ್ಲಿಸಿ ಅಳೆಯಲಾಯಿತು. ನೀರು ಮರಳಿ ಬರುವ ಇನ್‌ಲೆಟ್‌ಗಳಿಗಿಂತ ಕೆಳಗೆ ಇಳಿಸಿದಾಗ ಸೋರಿಕೆ 11 ಮಿಮೀ. ದೀಪದ ಗೂಡಿಗಿಂತ ಕೆಳಗೆ ಬಂದಾಗ 5. ತಳದ ಮೇನ್ ಡ್ರೈನ್ ಬಾಯಿಗೆ ರಬ್ಬರ್ ಪ್ಲಗ್ ಬಿಗಿದಾಗ 4. ನೀರು ಕಡಿಮೆಯಾದಂತೆ ಒತ್ತಡವೂ ಕಡಿಮೆಯಾಗುವುದರಿಂದ ಈ ಅಂಕಿಗಳನ್ನು ಕೂಡಿಸಿ ಕಳೆದು ಕರಾರುವಾಕ್ ಲೆಕ್ಕ ಕಟ್ಟಲಾಗದು. ದಾರಿಯನ್ನು ಮಾತ್ರ ಸ್ಪಷ್ಟವಾಗಿ ತೋರಿಸುತ್ತವೆ: ದೊಡ್ಡ ಪಾಲು ದೀಪದ ಗೂಡಿನದು, ನಂತರ ಇನ್‌ಲೆಟ್ ಪೈಪುಗಳ ಸುತ್ತಲಿನದು, ಉಳಿದದ್ದು ತಳ ಮತ್ತು ಗೋಡೆ ಕೂಡುವ ಸಂದಿನದು. "ಇನ್ನೊಂದು ಕೋಟ್" ಹೊಡೆದಿದ್ದರೆ ಮೊದಲಿನ ಎರಡಕ್ಕೂ ಅದು ಮುಟ್ಟುತ್ತಲೇ ಇರಲಿಲ್ಲ.

ಜಾಗವನ್ನು ಖಚಿತ ಮಾಡಲು ಸಿರಿಂಜಿನಲ್ಲಿ ಶಾಯಿ ತುಂಬಿ, ಅಲುಗಾಡದ ನೀರಿನಲ್ಲಿ ಸಂದಿಯ ಬಳಿ ಒಂದೊಂದೇ ಹನಿ ಬಿಡಬೇಕು. ಸೋರುವ ಕಡೆ ಶಾಯಿ ದಾರದ ಎಳೆಯಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಕೈ ಆಡಿಸಿದರೆ ಎಳೆ ಚದುರಿ ಪರೀಕ್ಷೆ ಕೆಡುತ್ತದೆ.

ಇದರ ಜೊತೆಗೆ ಬಕೆಟ್ಟಿಗೆ ಸಿಗದ ಇನ್ನೊಂದು ದಾರಿ ಇತ್ತು. ಫಿಲ್ಟರ್ ತೊಳೆದ ಬ್ಯಾಕ್‌ವಾಶ್ ನೀರಿನ ಪೈಪನ್ನು ಕೊಳದ ಗೋಡೆಯಿಂದ 3 ಅಡಿ ದೂರದ ಗುಂಡಿಗೆ ಬಿಟ್ಟಿದ್ದರು. ಗಂಟೆಗೆ 8,000 ಲೀಟರ್ ಹರಿವಿನಲ್ಲಿ 3 ನಿಮಿಷ ತೊಳೆದರೆ 400 ಲೀಟರ್. ವಾರಕ್ಕೊಮ್ಮೆ ಅಷ್ಟು ನೀರನ್ನು ತಾವೇ ಗೋಡೆಯ ಬುಡಕ್ಕೆ ಉಣಿಸಿದಂತೆ. ಕಟ್ಟೆ ಕುಸಿದದ್ದು ಸರಿಯಾಗಿ ಅದೇ ಬದಿಗೆ.

ಕಾಗದದ ಕೆಲಸ

ಅಳತೆ ಕೈಯಲ್ಲಿದ್ದಾಗ ಮಾತಿನ ಜಗಳ ಬೇಡ. ದಿನಾಂಕ, ಮಿಮೀ, ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದ ಚಿತ್ರ, ಒಪ್ಪಂದದಲ್ಲಿ ಬರೆದದ್ದೇನು, ಆಗಿರುವುದೇನು ಎಂದು ಎರಡು ಪುಟ ಬರೆದು ಗುತ್ತಿಗೆದಾರರ ಸಹಿ ಪಡೆದರೆ ಅರ್ಧ ಕೆಲಸ ಮುಗಿಯಿತು. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ತಕರಾರು ಹುಟ್ಟಿದ ದಿನದಿಂದ 2 ವರ್ಷ ಅವಧಿ ಇದೆ. ಕೆಟ್ಟದ್ದನ್ನು ಒಡೆಯುವ ಮೊದಲೇ ಈ ದಾಖಲೆ ಆಗಬೇಕು, ಒಡೆದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಸರಿಪಡಿಸಲು ಅದೇ ತಂಡ ಬರುವುದಾದರೆ ಉಳಿದ ಹಣವನ್ನು ಪರೀಕ್ಷೆಗಳಿಗೆ ಕಟ್ಟಬೇಕು: ಪೈಪಿನ ಒತ್ತಡ ಪರೀಕ್ಷೆ ಪಾಸಾದರೆ ಇಷ್ಟು, ನೀರು ನಿಲ್ಲಿಸಿ ನೋಡಿದ ಮೇಲೆ ಇಷ್ಟು. "ಟೈಲ್ಸ್ ಮುಗಿದಾಗ ಇಷ್ಟು" ಎಂದು ಬರೆದರೆ ಟೈಲ್ಸ್ ಬೇಗ ಮುಗಿಯುತ್ತದೆ, ಕೆಳಗಿನದೆಲ್ಲ ಮುಚ್ಚಿಹೋಗುತ್ತದೆ.

ಖಾಲಿ ಮಾಡುವ ಮುನ್ನ

ಕೊಳ ಖಾಲಿ ಮಾಡುವುದು ಅಪಾಯದ ಕೆಲಸ. ಈ ಅಳತೆಯ ಖಾಲಿ ಕೊಳದ ತೂಕ ಸುಮಾರು 32 ಟನ್. ಹೊರಗಿನ ನೀರು ತಳದ ಕಾಂಕ್ರೀಟಿನ ಕೆಳಮೈಯಿಂದ ಬರೀ 1 ಮೀಟರ್ ಮೇಲೆ ನಿಂತರೆ ಅದು ಕೊಳವನ್ನು 31 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಇನ್ನು ನಾಲ್ಕು ಬೆರಳು ಏರಿದರೆ ಕೊಳ ದೋಣಿಯಂತೆ ಎದ್ದು ಪೈಪುಗಳನ್ನೆಲ್ಲ ಕಿತ್ತುಹಾಕೀತು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡದು. ಒಮ್ಮೆ ತುಂಬಿದ ಗುಂಡಿಯಲ್ಲಿ ವಾರಗಟ್ಟಲೆ ನೀರು ನಿಲ್ಲುತ್ತದೆ. ಆದ್ದರಿಂದ ಆಳದ ತುದಿಯ ಮೂಲೆಯಲ್ಲಿ ತಳಕ್ಕಿಂತ ಒಂದು ಅಡಿ ಕೆಳಗಿನವರೆಗೆ ಮೊದಲು ಗುಂಡಿ ತೋಡಿ ನೋಡಲಾಯಿತು. ಅದರಲ್ಲಿ ಒಂದೂವರೆ ಅಡಿ ನೀರು ಬಂತು, ಕೊಳದಿಂದಲೇ ಸೋರಿದ್ದು. ಅದನ್ನು ಸಣ್ಣ ಪಂಪಿನಿಂದ ಎರಡು ದಿನ ಎತ್ತಿ, ಮತ್ತೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೊಳ ಖಾಲಿ ಮಾಡಿದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬಾರದು.

ಹೊರಗೆ ಅಗೆದಾಗ ಕಂಡದ್ದು

ಕೊಳದ ಸುತ್ತ 26 ಮೀಟರ್ ಉದ್ದ, 600 ಮಿಮೀ ಅಗಲ, 1.6 ಮೀಟರ್ ಆಳದ ಕಾಲುವೆ ಬೇಕು. ನಾಲ್ಕೂ ಬದಿ ಒಮ್ಮೆಲೇ ಅಗೆಯದೆ ಒಂದಾದ ಮೇಲೊಂದು ಬದಿ ಅಗೆಯಬೇಕು, ಮಣ್ಣು ಜಾರದಂತೆ ಹಲಗೆ ಕೊಟ್ಟು. ಒಣಗಿದ ಎರೆಮಣ್ಣು ಗೋಡೆಯಂತೆ ನಿಂತಿದ್ದು ಯಾವ ಸೂಚನೆಯನ್ನೂ ಕೊಡದೆ ಹೆಂಟೆಹೆಂಟೆಯಾಗಿ ಕಳಚುತ್ತದೆ. ಆಳಿನ ಎದೆಮಟ್ಟದ ಕಾಲುವೆಯಲ್ಲಿ ಹಲಗೆ ಇಲ್ಲದೆ ಯಾರನ್ನೂ ಇಳಿಸಬಾರದು.

ಪೈಪಿಗೆ ಕೈಪಂಪಿನಿಂದ ಚದರ ಸೆಂಟಿಮೀಟರಿಗೆ 1.5 ಕೆಜಿ ಒತ್ತಡ ಕೊಟ್ಟಾಗ 20 ನಿಮಿಷದಲ್ಲಿ ಗೇಜಿನ ಮುಳ್ಳು 0.6ಕ್ಕೆ ಇಳಿಯಿತು. ತೆರೆದು ನೋಡಿದರೆ ಕಾರಣ ಬರಿಗಣ್ಣಿಗೇ ಕಂಡಿತು. ಎಲ್ಬೋ ಹಾಕುವ ಬದಲು ಹೊಲದ ಪೈಪಿನ ರೂಢಿಯಂತೆ ಬೆಂಕಿ ಹಿಡಿದು ಬಗ್ಗಿಸಿದ್ದರು. ಬಾಗಿನ ಹೊರಮೈ ಕಂದಿ, ಗೋಡೆ ತೆಳುವಾಗಿ, ಒಳಮೈ ಸುಕ್ಕಾಗಿತ್ತು. ಆ ಸುಕ್ಕಿನ ಗೆರೆಯಲ್ಲೇ ಸೀಳು. ಉಳಿದ ಜೋಡಣೆಗಳಲ್ಲಿ ಸಾಲ್ವೆಂಟ್ (ಪೈಪಿನ ಅಂಟು) ಬರೀ ಪೈಪಿಗೆ ಸವರಿದ್ದರು, ಸಾಕೆಟ್ಟಿನ ಒಳಗೆ ಇಲ್ಲ. ಪೈಪು ಅರ್ಧ ಮಾತ್ರ ಒಳಹೋಗಿತ್ತು. ಕೊಳದಿಂದ ಪಂಪಿಗೆ ನೀರು ಎಳೆಯುವ ಸಕ್ಷನ್ ಪೈಪು ಬೇರೆ 40 ಮಿಮೀ. ಗಂಟೆಗೆ 8,000 ಲೀಟರ್ ಹರಿಸಿದರೆ ಅದರಲ್ಲಿ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಸಕ್ಷನ್ನಿಗೆ 1.5 ಮೀರಬಾರದು. ಪಂಪ್ ಕಿರುಗುಟ್ಟುತ್ತಿದ್ದದ್ದು, ಗಾಳಿ ಎಳೆಯುತ್ತಿದ್ದದ್ದು ಇದಕ್ಕೇ.

ಹಳೆಯ ಪೈಪು ಪೂರ್ತಿ ತೆಗೆದು ಸಕ್ಷನ್ನಿಗೆ 63, ಡೆಲಿವರಿಗೆ 50 ಮಿಮೀ ದಪ್ಪ ಗೋಡೆಯ ಯುಪಿವಿಸಿ ಹಾಕಲಾಯಿತು. ಕತ್ತರಿಸಿದ ಅಂಚಿನ ಮುಳ್ಳು ತೆಗೆದು, ಒಣಬಟ್ಟೆಯಿಂದ ಒರೆಸಿ, ಪ್ರೈಮರ್, ನಂತರ ಸಾಕೆಟ್ ಒಳಗೂ ಪೈಪಿನ ಮೇಲೂ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವವರೆಗೆ ಒತ್ತಿ, ಅರ್ಧ ನಿಮಿಷ ಬಿಡದೆ ಹಿಡಿಯಬೇಕು. ಬಿಟ್ಟರೆ ಪೈಪು ತಾನೇ ಹಿಂದಕ್ಕೆ ಸರಿಯುತ್ತದೆ, ಆ ಸರಿದ ಎರಡು ಮಿಮೀಯೇ ನಾಳೆಯ ಸೋರಿಕೆ. 24 ಗಂಟೆ ಬಿಟ್ಟು ಅದೇ 1.5 ಕೆಜಿ ಒತ್ತಡದಲ್ಲಿ ಒಂದು ಗಂಟೆ ಮುಳ್ಳು ಅಲುಗದೆ ನಿಂತ ಮೇಲೆ ಮಾತ್ರ ಉಸುಕು ಹಾಸಿ ಮುಚ್ಚಿದ್ದು.

ತಳದಲ್ಲಿ ಮೇನ್ ಡ್ರೈನ್ ಒಂದೇ ಇತ್ತು. ಇದು ಸೋರಿಕೆಗಿಂತ ದೊಡ್ಡ ತಪ್ಪು. ಮಗುವಿನ ಮೈಯೋ ಕೂದಲೋ ಒಂದೇ ಬಾಯಿಗೆ ಅಂಟಿದರೆ ಪಂಪಿನ ಎಳೆತ ಬಿಡುವುದಿಲ್ಲ. ಕನಿಷ್ಠ ಎರಡು ಬಾಯಿ, ನಡುವೆ ಮೂರು ಅಡಿಗಿಂತ ಹೆಚ್ಚು ಅಂತರ, ಎರಡನ್ನೂ ಒಂದೇ ಪೈಪಿಗೆ ಕೂಡಿಸಿ, ಉಬ್ಬಿದ ಆಂಟಿ-ವೋರ್ಟೆಕ್ಸ್ ಮುಚ್ಚಳ ಸ್ಕ್ರೂ ಹಾಕಿ ಬಿಗಿಯಬೇಕು. ತಳ ಒಡೆಯಬೇಕಾಗುತ್ತದೆ ಎಂದು ಇದನ್ನು ಬಿಡಲು ಒಪ್ಪಬಾರದು. ಇಲ್ಲಿ ತಳ ಕತ್ತರಿಸಿ ಎರಡನೆಯದನ್ನು ಕೂರಿಸಲಾಯಿತು.

ಕಾಂಕ್ರೀಟ್, ಸಂದು, ದೀಪದ ಗೂಡು

ಗೋಡೆಯ ಹೊರಮೈಯನ್ನು ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಬುಡದಲ್ಲಿ ಆರು ಕಡೆ ಡಬಡಬ ಸದ್ದು. ವೈಬ್ರೇಟರ್ ಇಳಿಸದೆ ಬರೀ ಸಳಿಯಿಂದ ಚುಚ್ಚಿ ತುಂಬಿದ ಗುರುತು: ಖಡಿ ಖಡಿಯಾಗಿ ನಿಂತು ನಡುವೆ ಪೊಳ್ಳು. ನೀರು ನಿಲ್ಲುವ ಆರ್‌ಸಿಸಿಗೆ ಭಾರತೀಯ ಮಾನಕ ಐಎಸ್ 3370 ಕೇಳುವುದು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ನೀರು ಮತ್ತು ಸಿಮೆಂಟಿನ ಅನುಪಾತ 0.45ರ ಒಳಗೆ. ಮನೆ ಸ್ಲ್ಯಾಬಿನ ಲೆಕ್ಕದಲ್ಲಿ ಪುಟ್ಟಿಯಿಂದ ಅಳೆದು 1:1.5:3 ಕಲಸಿದರೆ ಸಿಗುವುದು ಎಂ20 ಆಸುಪಾಸು. ಪೊಳ್ಳು ಇದ್ದಲ್ಲಿ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಚಾಣದಿಂದ ಬಿಡಿಸಿ, ಕಬ್ಬಿಣದ ಹಿಂದೆಯೂ 20 ಮಿಮೀ ಜಾಗ ಮಾಡಿ, ತುಕ್ಕು ಉಜ್ಜಿ, ನೆನೆಸಿ, ಕುಗ್ಗದ ಮೈಕ್ರೋಕಾಂಕ್ರೀಟ್ ತುಂಬಲಾಯಿತು. ಗೋಡೆ ತೂಗುಗುಂಡಿಗೆ ಸರಿಯಾಗಿ ನಿಂತಿತ್ತು, ಆದ್ದರಿಂದ ಉಳಿಸಿಕೊಳ್ಳಲು ಬಂತು. ಗೋಡೆ ವಾಲಿದ್ದರೆ, ಅಥವಾ ಅಡ್ಡಲಾಗಿ ನಡುಮಟ್ಟದಲ್ಲಿ ಬಿರುಕಿದ್ದರೆ ತೇಪೆ ಹಚ್ಚುವ ಮಾತೇ ಇಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು.

ಟೈಲ್ಸ್ ಪೂರ್ತಿ ತೆಗೆಸಲಾಯಿತು. ಕೆಳಗಿನ ಎರಡು ಸಾಲು ಮಾತ್ರ ತೆಗೆಯೋಣ ಎಂಬ ಸಲಹೆ ಬಂದೇ ಬರುತ್ತದೆ, ಒಪ್ಪಬಾರದು. ಅಡಿಯಲ್ಲಿರುವ ವಾಟರ್‌ಪ್ರೂಫ್ ಪದರ ತಳದಿಂದ ಅಂಚಿನವರೆಗೆ ಒಂದೇ ಅಖಂಡ ಮೈಯಾಗಿರಬೇಕು. ಹಳೆ ಪದರಕ್ಕೆ ಹೊಸದನ್ನು ಜೋಡಿಸಿದ ಗೆರೆಯೇ ಮುಂದಿನ ಸೋರಿಕೆಯ ಗೆರೆ.

ತಳ ಮತ್ತು ಗೋಡೆಯ ಸಂದಿನಲ್ಲಿ ನೀರು ತಡೆಯುವ ಪಟ್ಟಿ, ಅಂದರೆ ವಾಟರ್‌ಬಾರ್ ಇಟ್ಟಿರಲಿಲ್ಲ. ಸುತ್ತಳತೆ 22 ಮೀಟರ್. ಸಂದಿನಿಂದ 100 ಮಿಮೀ ಮೇಲೆ, 45 ಡಿಗ್ರಿ ಓರೆಯಾಗಿ, ಗೋಡೆಯ ದಪ್ಪದ ನಡುವೆ ಸಂದನ್ನು ಕೂಡುವಂತೆ 250 ಮಿಮೀಗೊಂದು ತೂತು, ಒಟ್ಟು 88, ಪಿಯು (ಪಾಲಿಯುರೆಥೇನ್) ರಾಳ ಒತ್ತಿ ತುಂಬಲು. ಪಿಯು ರಾಳ ನೀರಿನ ಸಂಪರ್ಕದಿಂದಲೇ ಉಬ್ಬುವುದರಿಂದ ಒಣಗಿದ ಸಂದಿಗೆ ಮೊದಲು ನೀರು ಹಾಯಿಸಬೇಕು. ಇದನ್ನು ಮರೆತು ಒಣ ತೂತಿಗೆ ಒತ್ತಿದರೆ ರಾಳ ಜೇನಿನಂತೆ ಹಾಗೇ ಉಳಿಯುತ್ತದೆ. ಒಂದು ತುದಿಯಿಂದ ಶುರುಮಾಡಿ, ಮುಂದಿನ ಪ್ಯಾಕರಿನಲ್ಲಿ (ತೂತಿಗೆ ಬಿಗಿದ ನಳಿಗೆ) ರಾಳ ಕಾಣಿಸಿದ ಮೇಲೆ ಅದಕ್ಕೆ ಸಾಗಬೇಕು. ಆಮೇಲೆ ಸಂದಿನುದ್ದಕ್ಕೂ 25 ಮಿಮೀ ಚೌಕಾಕಾರದ ಕೊರಕಲು ತೆಗೆದು ಕುಗ್ಗದ ಗಾರೆ ತುಂಬಿ, ಮೇಲೆ 50 ಮಿಮೀ ಗೋಲಾ (ಮೂಲೆ ಮುಚ್ಚುವ ಗಾರೆಯ ದುಂಡು ಪಟ್ಟಿ) ಎಳೆಯಲಾಯಿತು.

ಇನ್‌ಲೆಟ್ ಪೈಪುಗಳ ಕಥೆ ಸರಳ. ನುಣುಪು ಪಿವಿಸಿಗೆ ಕಾಂಕ್ರೀಟ್ ಅಂಟುವುದಿಲ್ಲ, ನೀರು ತಡೆಯುವ ಬಳೆಯಾದ ಪಡಲ್ ಫ್ಲ್ಯಾಂಜ್ ಇಲ್ಲದೆ ನೇರ ತೂರಿಸಿದ್ದರು. ಸುತ್ತ 50 ಮಿಮೀ ಆಳ ಬಿಡಿಸಿ, ಪೈಪಿನ ಮೈ ಮರಳುಕಾಗದದಿಂದ ಒರಟು ಮಾಡಿ, ನೀರಿಗೆ ಉಬ್ಬುವ ಪಟ್ಟಿ ಒಂದು ಸುತ್ತು ಸುತ್ತಿ, ಗ್ರೌಟ್ ತುಂಬಿದರೆ ಆಯಿತು.

ದೀಪದ ಗೂಡನ್ನು ಹತ್ತಿರದಿಂದ ನೋಡಬೇಕು. ದೀಪ ಕಳಚಿ ಕೇಬಲ್ ಸುರುಳಿ ಹೊರಗೆಳೆದಾಗ ಗೂಡಿನ ಬೆನ್ನಿನಲ್ಲಿ ಕಂಡದ್ದು ಗೋಡೆಯೊಳಗೆ ಹಾಕುವ ಮಾಮೂಲಿ 25 ಮಿಮೀ ವೈರಿಂಗ್ ಪೈಪು, ಅಂಟಿಲ್ಲದೆ ಬರೀ ತುರುಕಿದ್ದು. ಅದರ ಇನ್ನೊಂದು ತುದಿಯ ಜಂಕ್ಷನ್ ಬಾಕ್ಸ್ ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ, ಮಣ್ಣಿನಲ್ಲಿ. ಅಂದರೆ ಕೊಳಕ್ಕೆ ಒಂದು ನಲ್ಲಿ ಇಟ್ಟು ಸದಾ ತೆರೆದಿಟ್ಟಂತೆ. ಬಾಕ್ಸ್ ತೆರೆದರೆ ತುಂಬ ಕೆಸರು, ಅದರ ನಡುವೆ ಟೇಪು ಸುತ್ತಿದ ವೈರಿನ ಜೋಡಣೆ. ಮೇನ್ ಸ್ವಿಚ್ ಬಂದ್ ಮಾಡಿ, ಪೈಪು ಬದಲಿಸಿ ಗೂಡಿಗೆ ಅಂಟಿಸಿ, ಕೇಬಲ್ ಸುತ್ತ ಬ್ಯೂಟೈಲ್ ಟೇಪು, ಅದರ ಮೇಲೆ 30 ಮಿಮೀ ಆಳ ನೀರಲ್ಲೂ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಒತ್ತಲಾಯಿತು. ಬಾಕ್ಸನ್ನು ನೀರಿನ ಮಟ್ಟಕ್ಕಿಂತ 200 ಮಿಮೀ ಮೇಲಕ್ಕೆ ತರಲಾಯಿತು. ದೀಪ 12 ವೋಲ್ಟಿನದೇ, ಐಸೊಲೇಷನ್ ಟ್ರಾನ್ಸ್‌ಫಾರ್ಮರಿನಿಂದ. ಇಡೀ ಕೊಳದ ಲೈನಿಗೆ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ.

ನೀರು ನಿಲ್ಲಿಸಿದ್ದು, ಮುಚ್ಚಿದ್ದು

ಒಳಗಿನ 60 ಚದರ ಮೀಟರಿಗೆ ಎರಡು ಭಾಗದ ಪಾಲಿಮರ್ ಕೋಟಿಂಗ್ 120 ಕೆಜಿ ಹಿಡಿಯಿತು. ಮೈ ತೇವವಾಗಿರಬೇಕು, ನೀರು ಮಿಂಚಬಾರದು. ಮೊದಲ ಕೋಟ್ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಗೋಲಾದ ಮೇಲೆ ನಡುವೆ ಫೈಬರ್ ಜಾಳಿಗೆ. ಅದು ಪೂರ್ತಿ ಬಲಿತ ಮೇಲೆ, ಟೈಲ್ಸ್ ಹಚ್ಚುವ ಮೊದಲು, ಹೊರಗಿನ ಕಾಲುವೆ ಇನ್ನೂ ತೆರೆದಿರುವಾಗಲೇ ನೀರು ತುಂಬಬೇಕು. ಹೊರಮೈಯ ತೇವ ಕಣ್ಣಿಗೆ ಕಾಣುವ ಅವಕಾಶ ಇದೊಂದೇ. ಹಿಂದೆ ಮಣ್ಣಿನ ಆಸರೆ ಇಲ್ಲದಿರುವುದರಿಂದ ಎಂಜಿನಿಯರ್ ಒಪ್ಪಿದ ಮೇಲೆ, ದಿನಕ್ಕೆ ಒಂದೂವರೆ ಅಡಿಯಂತೆ, ಗೋಡೆಯುದ್ದ ದಾರ ಕಟ್ಟಿ ಉಬ್ಬು ನೋಡುತ್ತ ತುಂಬಲಾಯಿತು. ಕಾಂಕ್ರೀಟ್ ನೀರು ಕುಡಿಯಲು 7 ದಿನ, ಆಮೇಲೆ 7 ದಿನ ನಿಗಾ. ಮೂರನೆಯ ದಿನ ಒಂದು ಇನ್‌ಲೆಟ್ ಕೆಳಗೆ ಅಂಗೈ ಅಗಲದ ತೇವ ಕಾಣಿಸಿತು. ನೀರು ಅಷ್ಟಕ್ಕೆ ಇಳಿಸಿ ಆ ಒಂದನ್ನು ಮತ್ತೆ ಬಿಡಿಸಿ ತುಂಬಲಾಯಿತು. ಟೈಲ್ಸ್ ಆದ ಮೇಲೆ ಇದು ಸಿಕ್ಕಿದ್ದರೆ ಪುನಃ ಮೊದಲಿಂದ ಶುರು.

ಕಾಲುವೆಯ ತಳದಲ್ಲಿ ಮಣ್ಣು ತಡೆದು ನೀರು ಬಿಡುವ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿ, ತೂತು ಕೊರೆದ 110 ಮಿಮೀ ಪೈಪನ್ನು ಸ್ವಲ್ಪ ಇಳಿಜಾರಿನಲ್ಲಿ ಮೂಲೆಯ ಸಂಪ್ ಗುಂಡಿಗೆ ಕೂಡಿಸಿ, 300 ಮಿಮೀ ಎತ್ತರ 20 ಮಿಮೀ ಖಡಿ, ಸುಮಾರು 2 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಅದರ ಮೇಲೆ 9 ಬ್ರಾಸ್‌ಗೂ ಸ್ವಲ್ಪ ಹೆಚ್ಚು ಗರಸು, 200 ಮಿಮೀ ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು. ಅಗೆದ ಎರೆಮಣ್ಣು ಹಿತ್ತಲಿನಿಂದ ಹೊರಗೆ ಹೋಗುವವರೆಗೆ ಕಾವಲಿರಬೇಕು, ಸಂಜೆ ಹೊತ್ತಿಗೆ ಅದನ್ನೇ ತಳ್ಳಿ ಮುಗಿಸುವ ಆಸೆ ಎಲ್ಲ ತಂಡಕ್ಕೂ ಇರುತ್ತದೆ. ಮೇಲಿನ ಕಟ್ಟೆ 1.2 ಮೀಟರ್ ಅಗಲ, ಕೊಳದಿಂದ ಹೊರಕ್ಕೆ 24 ಮಿಮೀ ಇಳಿಜಾರು. ಅಂಚಿನ ಕಲ್ಲಿಗೂ ಕಟ್ಟೆಗೂ ನಡುವೆ 12 ಮಿಮೀ ಸಂದು ಬಿಟ್ಟು ಪಿಯು ಸೀಲಂಟ್, ಗಾರೆ ಅಲ್ಲ. ಕಟ್ಟೆ ಅಲುಗಿದರೂ ಕಲ್ಲು ಬಿರಿಯದಿರಲಿ ಎಂದು. ಬ್ಯಾಕ್‌ವಾಶ್ ಪೈಪು ರಸ್ತೆ ಚರಂಡಿಗೆ.

ಟೈಲ್ಸಿಗೆ ಸಿಮೆಂಟಿನ ಮುದ್ದೆ ಬೇಡ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅರ್ಧ ಪ್ರತಿಶತಕ್ಕೂ ಕಡಿಮೆ, ಬರೀ ಸಿಮೆಂಟ್ ಅದನ್ನು ಹಿಡಿಯದು. ಸಿ2 ದರ್ಜೆಯ ಅಡ್ಹೆಸಿವ್ 20 ಕೆಜಿಯ 15 ಚೀಲ, ಹಲ್ಲಿನ ಕರಣೆಯಿಂದ ಪೂರ್ತಿ ಮೈಗೆ ಎಳೆದು ಹಚ್ಚಿದ್ದು. ಸಂದಿಗೆ ಎಪಾಕ್ಸಿ ಗ್ರೌಟ್. ಬಿಳಿ ಸಿಮೆಂಟ್ ಕರಗಿದ್ದು ಕ್ಲೋರಿನ್ ಮಾತ್ರೆಯಿಂದ. ಟ್ರೈಕ್ಲೋರ್ ಮಾತ್ರೆ ಆಮ್ಲೀಯ, ಪಿಎಚ್ ನೋಡದೆ ಹಾಕುತ್ತ ಹೋಗಿದ್ದರು. ಪಿಎಚ್ 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ ಒಳಗಿದ್ದರೆ ಸಾಕು.

ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ಕೊಳ ತುಂಬಿ ಏಳು ದಿನ ಬಕೆಟ್ ಪರೀಕ್ಷೆ ಮತ್ತೆ ನಡೆಯಿತು. ಪಂಪ್ ಓಡಲಿ, ನಿಲ್ಲಲಿ, ಕೊಳ ಮತ್ತು ಬಕೆಟ್ ಎರಡರ ಇಳಿತವೂ ಒಂದೇ. ಮೂಲೆಯ ಸಂಪಿನಲ್ಲಿ ತೇಲುಗುಂಡಿನ ಸ್ವಿಚ್ ಇರುವ ಅರ್ಧ ಎಚ್‌ಪಿ ಪಂಪು ಇಟ್ಟಿದೆ. ಅದರ ಪಕ್ಕದಲ್ಲಿ ನಿಲ್ಲಿಸಿದ 110 ಮಿಮೀ ಪೈಪಿನೊಳಗೆ ಗೆರೆ ಹಾಕಿದ ಬಿದಿರ ಕೋಲು ಇದೆ. ಕೆಂಪು ಗೆರೆ ಕೊಳದ ತಳದ ಕೆಳಮೈಯ ಮಟ್ಟ. ಕೋಲಿನ ಒದ್ದೆ ಕೆಂಪು ಗೆರೆ ದಾಟಿದ್ದರೆ ಆ ದಿನ ಕೊಳದ ನೀರನ್ನು ಯಾವ ಕಾರಣಕ್ಕೂ ಖಾಲಿ ಮಾಡಬಾರದು.